‘ಲೋಕಲ್’ ಎಂಬ ಶಬ್ದ: ಠಾಣೆ–ಕಲ್ಯಾಣ ಪ್ರದೇಶದಲ್ಲಿ ಅದರ ಅರ್ಥವೂ ಬಳಕೆಯೂ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರ ಮಾತಿನಲ್ಲಿ ‘ಲೋಕಲ್’ ಎಂಬ ಆಂಗ್ಲ ಶಬ್ದವು ಸುಳಿಯದ ದಿನವಿಲ್ಲ. ‘ಲೋಕಲ್ ತಪ್ಪಿತು’, ‘ಲೋಕಲ್ ತಡವಾಗಿದೆ’, ‘ಕೊನೆಯ ಲೋಕಲ್ಲಿಗೆ ಬಂದರು’ ಎಂದರೆ ಇಲ್ಲಿ ಯಾರಿಗೂ ಟಿಪ್ಪಣಿ ಬೇಕಾಗುವುದಿಲ್ಲ. ಅದೇ ಶಬ್ದವು ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಕಿವಿಗೆ ಬಿದ್ದರೆ ಅರ್ಥ ಬೇರೆ. ಅಲ್ಲಿ ‘ಲೋಕಲ್ ಮಾಲು’ ಎಂದರೆ ಕಳಪೆಯ ಸರಕು. ‘ಅವನು ಲೋಕಲ್’ ಎಂದರೆ ಆ ಊರಿನವನು, ಕೆಲವೊಮ್ಮೆ ಆ ಊರಿನ ಬಲವುಳ್ಳವನು. ಇಂಗ್ಲೆಂಡಿನಲ್ಲಿ ಮನೆಗೆ ಸಮೀಪದ ಪಾನಗೃಹವನ್ನು ಈ ಹೆಸರಿನಿಂದ ಕರೆಯುತ್ತಾರೆ. ಅಮೇರಿಕೆಯಲ್ಲಿ ಕಾರ್ಮಿಕ ಸಂಘದ ಊರ ಶಾಖೆಗೆ ಇದೇ ಹೆಸರು. ಒಂದು ವಿಶೇಷಣವು ತನ್ನ ವಿಶೇಷ್ಯವನ್ನು ಕಳಚಿಕೊಂಡು ತಾನೇ ನಾಮಪದವಾದಾಗ ಆಯಾ ನಾಡಿನ ಜೀವನದಲ್ಲಿ ಯಾವುದು ಮುಖ್ಯವೋ ಅದನ್ನು ಸೂಚಿಸತೊಡಗುತ್ತದೆ. ಮುಂಬಯಿಯ ಪರಿಸರದಲ್ಲಿ ಅದು ರೈಲುಗಾಡಿಯನ್ನು ಸೂಚಿಸಿತು.

ಇದರಲ್ಲಿ ಒಂದು ವಿರೋಧವಿದೆ. ಶಬ್ದದ ಮೂಲಾರ್ಥವು ಸ್ಥಳಕ್ಕೆ ಕಟ್ಟುಬಿದ್ದದ್ದು ಎಂದು. ಇಲ್ಲಿಯ ರೂಢಾರ್ಥವು ಸ್ಥಳದಿಂದ ಸ್ಥಳಕ್ಕೆ ಓಡುವುದು ಎಂದು. ಹೊರನಾಡಿನ ಕನ್ನಡಿಗನ ಪಾಲಿಗೆ ಈ ವಿರೋಧವು ಕೇವಲ ಕೋಶಕಾರರ ಕುತೂಹಲದ ವಿಷಯವಲ್ಲ. ಅವನು ಪ್ರತಿದಿನ ಲೋಕಲ್ಲಿನಲ್ಲಿ ಪ್ರಯಾಣ ಮಾಡುತ್ತಾನೆ. ಆದರೆ ಅವನು ‘ಲೋಕಲ್’ ಹೌದೋ ಅಲ್ಲವೋ ಎಂಬ ಪ್ರಶ್ನೆ ಮಾತ್ರ ಅನೇಕ ದಶಕಗಳಿಂದ ತೀರ್ಮಾನವಾಗದೆ ಉಳಿದಿದೆ. ಈ ಎರಡು ಅರ್ಥಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡುವುದು ಉಪಯುಕ್ತವಾದುದು.

ಮೊದಲು ವ್ಯುತ್ಪತ್ತಿಯ ಮಾತು. ಆಂಗ್ಲ ಶಬ್ದವು ಲ್ಯಾಟಿನ್ ಭಾಷೆಯ ‘ಲೋಕುಸ್’, ಎಂದರೆ ಸ್ಥಳ, ಎಂಬುದರಿಂದ ಬಂದಿದೆ. ಕನ್ನಡದ ಕಿವಿಗೆ ಇದು ಸಂಸ್ಕೃತದ ‘ಲೋಕ’ವನ್ನು ನೆನಪಿಗೆ ತರುವುದು ಸಹಜ. ಆದರೆ ಎರಡಕ್ಕೂ ರಕ್ತಸಂಬಂಧವಿಲ್ಲ. ಸಂಸ್ಕೃತದ ‘ಲೋಕ’ಕ್ಕೆ ಜ್ಞಾತಿಯಾದ ಲ್ಯಾಟಿನ್ ಶಬ್ದವು ತೋಪು ಎಂಬ ಅರ್ಥದ ‘ಲೂಕುಸ್’. ಮರಗಳ ನಡುವೆ ಬೆಳಕು ಬೀಳುವ ಬಯಲು ಎಂಬ ಭಾವನೆ ಅದರ ಹಿಂದೆ ಇದೆ. ಧ್ವನಿಸಾಮ್ಯವು ಆಕಸ್ಮಿಕ. ಲ್ಯಾಟಿನ್ ‘ಲೋಕುಸ್’ಗೆ ಅರ್ಥದಲ್ಲಿ ಸಮನಾದ ಭಾರತೀಯ ಶಬ್ದಗಳೆಂದರೆ ಸ್ಥಳ, ಸ್ಥಾನ. ಮುಂದೆ ಬರುವ ವಿವೇಚನೆಯಲ್ಲಿ ಇದು ಪ್ರಯೋಜನಕ್ಕೆ ಬರುತ್ತದೆ.

ಈ ಶಬ್ದವು ಕನ್ನಡಿಗರಿಗೆ ಮೊದಲು ಪರಿಚಯವಾದದ್ದು ರೈಲಿನಿಂದಲ್ಲ, ಕಚೇರಿಯಿಂದ. ಮುಂಬಯಿ ಪ್ರಾಂತದಲ್ಲಿ 1869ರ ‘ಲೋಕಲ್ ಫಂಡ್’ ಶಾಸನವೂ, ಲಾರ್ಡ್ ರಿಪ್ಪನ್ನನ 1882ರ ನಿರ್ಣಯದ ತರುವಾಯ 1884ರಲ್ಲಿ ‘ಲೋಕಲ್ ಬೋರ್ಡ್’ ಶಾಸನವೂ ಬಂದವು. ಮದ್ರಾಸು ಪ್ರಾಂತದಲ್ಲಿಯೂ ಅದೇ ವರ್ಷ ಅದೇ ಬಗೆಯ ಶಾಸನವಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ರೈತರಿಗೂ ಮಂಗಳೂರು ಸೀಮೆಯವರಿಗೂ ‘ಲೋಕಲ್’ ಎಂದರೆ ಊರ ರಸ್ತೆಯನ್ನೂ ಶಾಲೆಯನ್ನೂ ಬಾವಿಯನ್ನೂ ನೋಡಿಕೊಳ್ಳುವ ಸರಕಾರದ ಒಂದು ಅಂಗ. ಊರಿನ ಆಡಳಿತದಲ್ಲಿ ಊರಿನವರಿಗೆ ಪಾಲಿರಬೇಕೆಂಬ ತತ್ತ್ವ ಆ ಹೆಸರಿನಲ್ಲಿ ಅಡಗಿತ್ತು. ಹೀಗೆ ಕನ್ನಡದಲ್ಲಿ ಈ ಶಬ್ದದ ಮೊದಲ ಅರ್ಥವು ಊರಿನ ಹಕ್ಕಿಗೆ ಸಂಬಂಧಿಸಿದ್ದು ಎಂಬುದು ಗಮನಾರ್ಹ.

ಎರಡನೆಯ ಅರ್ಥವು ಹುಟ್ಟಿದ್ದು ಕಬ್ಬಿಣದ ಹಳಿಯ ಮೇಲೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಗಾಡಿಯು ಸುಮಾರು 400 ಮಂದಿ ಅತಿಥಿಗಳನ್ನು 14 ಡಬ್ಬಿಗಳಲ್ಲಿ ಹೊತ್ತು ಸುಮಾರು 34 ಕಿಲೋಮೀಟರು ಸಾಗಿತು. ಭಾರತದ ಪ್ರಯಾಣಿಕರ ರೈಲು ಸಂಚಾರದ ಆರಂಭ ಅದು. ಮರುವರ್ಷವೇ ಠಾಣೆಯ ಖಾರಿಯ ಮೇಲೆ ಸೇತುವೆಯಾಗಿ ಹಳಿಯು ಕಲ್ಯಾಣವನ್ನು ಮುಟ್ಟಿತು. ಅಲ್ಲಿಂದ ಒಂದು ಕವಲು ಥಳಘಾಟನ್ನೂ ಮತ್ತೊಂದು ಭೋರಘಾಟನ್ನೂ ಏರಿ ದೇಶದ ಒಳಭಾಗಕ್ಕೆ ಹೋದವು. ಕನ್ನಡಿಗರು ಕಲ್ಯಾಣ ಎಂದೊಡನೆ ಚಾಲುಕ್ಯರ ರಾಜಧಾನಿಯನ್ನೂ ಬಸವಣ್ಣನವರನ್ನೂ ನೆನೆಯುತ್ತಾರೆ. ಇದು ಬೇರೆಯ ಕಲ್ಯಾಣ, ಗ್ರೀಕ್ ನಾವಿಕರ ಬರಹದಲ್ಲಿಯೂ ಹೆಸರು ಪಡೆದ ಹಳೆಯ ಬಂದರು. ರೈಲು ಬಂದಮೇಲೆ ಅದು ಎರಡು ಘಾಟುಗಳ ಕೂಡುದಾರಿಯಾಯಿತು.

ರೈಲ್ವೆಯ ಆಂಗ್ಲ ಪರಿಭಾಷೆಯಲ್ಲಿ ‘ಲೋಕಲ್ ಟ್ರೇನ್’ ಎಂದರೆ ಪ್ರತಿಯೊಂದು ನಿಲ್ದಾಣದಲ್ಲಿಯೂ ನಿಂತು ಹೋಗುವ ಗಾಡಿ. ದೂರ ಪ್ರಯಾಣದ ವೇಗದ ಗಾಡಿಗೆ ಅದು ಪ್ರತಿಪದ. ಮುಂಬಯಿಯಲ್ಲಿ ಈ ಭೇದವು ಅಳಿಸಿಹೋಯಿತು. 1925ರ ಫೆಬ್ರವರಿ 3ರಂದು ಬೋರಿಬಂದರದಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ಗಾಡಿ ಓಡಿತು. ಕೆಲವೇ ವರ್ಷಗಳಲ್ಲಿ ವಿದ್ಯುತ್ ತಂತಿಗಳು ಕಲ್ಯಾಣವನ್ನು ದಾಟಿ ಪುಣೆ ಮತ್ತು ಇಗತಪುರಿಯವರೆಗೂ ಹಬ್ಬಿದವು. ದೂರದ ಉಪನಗರಗಳಿಂದ ನಗರಕ್ಕೆ ಬೆಳಗಿನ ಹೊತ್ತು ಬೇಗ ಮುಟ್ಟಿಸಲು ಹಲವು ನಿಲ್ದಾಣಗಳನ್ನು ಬಿಟ್ಟು ಓಡುವ ಗಾಡಿಗಳು ಬೇಕಾದವು. ಆಗ ‘ಫಾಸ್ಟ್ ಲೋಕಲ್’ ಎಂಬ ಪ್ರಯೋಗ ಹುಟ್ಟಿತು. ಮೂಲಾರ್ಥದಲ್ಲಿ ಇದು ಬಿಸಿಯಾದ ಮಂಜುಗಡ್ಡೆ ಎಂಬಷ್ಟೇ ಅಸಂಗತ. ಮರಾಠಿ ಪತ್ರಿಕೆಗಳು ‘ಜಲದ ಲೋಕಲ್’, ‘ಧೀಮೀ ಲೋಕಲ್’ ಎಂದು ನಿಸ್ಸಂಕೋಚವಾಗಿ ಬರೆಯುತ್ತವೆ. ‘ಉಪನಗರೀಯ ಗಾಡಿ’ ಎಂಬ ಸರಕಾರಿ ಹೆಸರು ಕಾಗದದಲ್ಲಿ ಉಳಿಯಿತು. ಜನರ ನಾಲಗೆಯ ಮೇಲೆ ‘ಲೋಕಲ್’ ನಿಂತಿತು.

ಶಬ್ದವನ್ನು ಆಯಾ ಭಾಷೆಗಳು ತಮ್ಮ ವ್ಯಾಕರಣಕ್ಕೆ ಒಗ್ಗಿಸಿಕೊಂಡ ಬಗೆಯೂ ಸ್ವಾರಸ್ಯಕರವಾಗಿದೆ. ಮರಾಠಿಯಲ್ಲಿಯೂ ಹಿಂದಿಯಲ್ಲಿಯೂ ‘ಗಾಡಿ’ ಸ್ತ್ರೀಲಿಂಗವಾದುದರಿಂದ ಲೋಕಲ್ ಕೂಡ ಸ್ತ್ರೀಲಿಂಗವಾಯಿತು. ‘ಲೋಕಲ್ ಆಲೀ’, ‘ಲೋಕಲ್ ಆಯೀ’ ಎಂದು ಅದು ಬರುತ್ತಾಳೆ. ಕನ್ನಡದಲ್ಲಿ ಅದು ಜಡವಸ್ತು, ನಪುಂಸಕ, ‘ಲೋಕಲ್ ಬಂತು’. ವ್ಯಂಜನಾಂತವಾದ ಪರಭಾಷಾ ಪದಕ್ಕೆ ಉಕಾರವನ್ನು ಸೇರಿಸುವ ಕನ್ನಡದ ಪದ್ಧತಿಯಂತೆ ಬಸ್ಸು, ಕಾರುಗಳ ಸಾಲಿನಲ್ಲಿ ‘ಲೋಕಲು’ ಎಂಬ ರೂಪವೂ, ‘ಲೋಕಲ್ಲಿನಲ್ಲಿ’, ‘ಲೋಕಲ್ಲಿಗೆ’ ಎಂಬ ವಿಭಕ್ತಿರೂಪಗಳೂ ಸಿದ್ಧವಾದವು. ಇನ್ನೂ ಮುಂದೆ ಹೋಗಿ ಗಾಡಿಯ ಹೆಸರನ್ನೇ ಬಿಟ್ಟು ಗಂಟೆ ನಿಮಿಷಗಳಿಂದ ಅದನ್ನು ಕರೆಯುವ ರೂಢಿಯುಂಟು. ‘ಎಂಟು ಹದಿಮೂರು ಹೋಯಿತೆ?’ ಎಂದರೆ ಕೇಳುವವನು ಗಡಿಯಾರವನ್ನು ನೋಡುವುದಿಲ್ಲ, ಹಳಿಯನ್ನು ನೋಡುತ್ತಾನೆ. ನಿಮಿಷವೇ ನಾಮಪದವಾದ ಇಂಥ ಪ್ರಯೋಗ ಒಳನಾಡಿನ ಕನ್ನಡದಲ್ಲಿ ಅಪರೂಪ.

ಈ ಗಾಡಿಯೇ ಊರುಗಳನ್ನು ಬೆಳೆಸಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಗಿರಗಾಂವ, ದಾದರ, ಮಾಟುಂಗಾಗಳಲ್ಲಿ ಬಾಡಿಗೆಗೆ ಮನೆ ಸಿಕ್ಕದ ಮಧ್ಯಮ ವರ್ಗದವರು ಠಾಣೆಯನ್ನು ದಾಟಿ ಡೊಂಬಿವಲಿ, ಕಲ್ಯಾಣಗಳಿಗೆ ಬಂದರು. 1960ರ ದಶಕದಲ್ಲಿ ಠಾಣೆ–ಬೇಲಾಪುರ ಪಟ್ಟಿಯಲ್ಲಿಯೂ ಡೊಂಬಿವಲಿಯಲ್ಲಿಯೂ ಕೈಗಾರಿಕಾ ಕ್ಷೇತ್ರಗಳು ಎದ್ದವು. ಬ್ಯಾಂಕು, ಕಚೇರಿಗಳ ಉತ್ತರ ಕನ್ನಡದವರು, ಹೋಟೆಲು ಉದ್ಯಮದ ತುಳುನಾಡಿನವರು, ಕಟ್ಟಡ ಕೆಲಸಕ್ಕೆ ಬಂದ ವಿಜಾಪುರ, ಕಲಬುರ್ಗಿಯ ಕಡೆಯವರು, ಎಲ್ಲರೂ ಆ ಜನಸಮೂಹದಲ್ಲಿದ್ದರು. ಮನೆ ಹುಡುಕುವಾಗ ನೀರು, ಗಾಳಿಗಳಿಗಿಂತ ಮೊದಲು ಕೇಳುತ್ತಿದ್ದ ಪ್ರಶ್ನೆ ಸ್ಟೇಷನ್ನಿಗೆ ಎಷ್ಟು ನಿಮಿಷದ ನಡಿಗೆ ಎಂಬುದು. ಖಾರಿಯ ಆಚೆ 1970ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಯಾಗಿ ನವಿ ಮುಂಬಯಿಯ ನಿರ್ಮಾಣ ಆರಂಭವಾದರೂ ಆ ನಗರಕ್ಕೆ ಜೀವ ತುಂಬಿದ್ದು 1992ರಲ್ಲಿ ಮಾನಖುರ್ದದಿಂದ ವಾಶಿಗೆ ಲೋಕಲ್ ದಾಟಿದಾಗ. 2004ರಲ್ಲಿ ಠಾಣೆ–ವಾಶಿ ಮಾರ್ಗ ತೆರೆದು ಎರಡು ನಗರಗಳು ನೇರವಾಗಿ ಕೂಡಿದವು. ಹೀಗೆ ಈ ಪ್ರದೇಶದಲ್ಲಿ ಊರು ಇದ್ದಲ್ಲಿಗೆ ಲೋಕಲ್ ಬಂದದ್ದಕ್ಕಿಂತ ಲೋಕಲ್ ಬಂದಲ್ಲಿ ಊರು ಆದದ್ದೇ ಹೆಚ್ಚು.

ಇನ್ನು ಶಬ್ದದ ಇನ್ನೊಂದು ಮುಖ. 1956ರ ಅಕ್ಟೋಬರ್ 31ರವರೆಗೆ ಧಾರವಾಡದಿಂದಲೋ ಕಾರವಾರದಿಂದಲೋ ಬಂದು ಕಲ್ಯಾಣದಲ್ಲಿ ನೆಲೆಸಿದವನು ಪರರಾಜ್ಯಕ್ಕೆ ಬಂದವನಾಗಿರಲಿಲ್ಲ. ಮುಂಬಯಿಯು ಅವನ ಪ್ರಾಂತದ ರಾಜಧಾನಿ. ಠಾಣೆ ಜಿಲ್ಲೆಯೂ ಧಾರವಾಡ ಜಿಲ್ಲೆಯೂ ಒಂದೇ ಸರಕಾರಕ್ಕೆ ಕಂದಾಯ ಕೊಡುತ್ತಿದ್ದವು. ನವೆಂಬರ್ 1ರ ಬೆಳಗ್ಗೆ ಕನ್ನಡ ನಾಡು ಒಂದಾದ ಸಂತೋಷದಲ್ಲಿ ಅವನೂ ಪಾಲುಗೊಂಡನು. ಆದರೆ ಅದೇ ಬೆಳಗ್ಗೆ, ತಾನು ಮನೆಯನ್ನು ಬದಲಿಸದೆಯೇ, ಅವನು ಹೊರರಾಜ್ಯದವನಾದನು. ಏಕೀಕರಣದ ಚರಿತ್ರೆಯಲ್ಲಿ ಈ ಸಂಗತಿಯು ಹೆಚ್ಚಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ.

1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾಯಿತು. ಮಹಾರಾಷ್ಟ್ರದಲ್ಲಿ ಮರಾಠಿ ಯುವಕರಿಗೆ ಉದ್ಯೋಗ ಸಿಕ್ಕುತ್ತಿಲ್ಲವೆಂಬ ಅಸಮಾಧಾನವು ಅದರ ಬಲ. ಆ ವರ್ಷಗಳಲ್ಲಿ ಅದರ ಕೋಪಕ್ಕೆ ಗುರಿಯಾದವರು ದಕ್ಷಿಣ ಭಾರತದವರು. ಉಡುಪಿ ಹೋಟೆಲುಗಳ ಮೇಲೆಯೂ ದಾಳಿಗಳಾದವು. ತಮಿಳ, ಕನ್ನಡಿಗ, ಮಲಯಾಳಿ ಎಂಬ ಭೇದವಿಲ್ಲದೆ ಎಲ್ಲರೂ ‘ಮದ್ರಾಸಿ’ಗಳಾದರು. ಮುಂದಿನ ದಶಕದಲ್ಲಿ ಸೇನೆಯ ಉದ್ಯೋಗ ಚಳವಳಿಯು ‘ಸ್ಥಾನೀಯ ಲೋಕಾಧಿಕಾರ ಸಮಿತಿ’ ಎಂಬ ಹೆಸರನ್ನು ತಾಳಿತು. ಲ್ಯಾಟಿನ್ನಿನ ಶಬ್ದಕ್ಕೆ ಅರ್ಥದಿಂದ ಸಮನಾದ ‘ಸ್ಥಾನೀಯ’ವೂ ಧ್ವನಿಯಿಂದ ಸಮೀಪವಾದ ‘ಲೋಕ’ವೂ ಒಂದೇ ಹೆಸರಿನಲ್ಲಿ ಕೂಡಿದ್ದು ಭಾಷಾಭ್ಯಾಸಿಗಳಿಗೆ ವಿನೋದವೆನಿಸಬಹುದು, ಅಂದಿನ ಗುಮಾಸ್ತನಿಗೆ ಅದು ವಿನೋದವಾಗಿರಲಿಲ್ಲ.

ಕಾನೂನು ಏನು ಹೇಳುತ್ತದೆ? ಸಂವಿಧಾನದ 19ನೆಯ ವಿಧಿಯು ದೇಶದ ಯಾವ ಭಾಗದಲ್ಲಿಯಾದರೂ ಸಂಚರಿಸುವ, ನೆಲೆಸುವ ಸ್ವಾತಂತ್ರ್ಯವನ್ನು ಪೌರನಿಗೆ ಕೊಟ್ಟಿದೆ. 16ನೆಯ ವಿಧಿಯು ಸರಕಾರಿ ಉದ್ಯೋಗದಲ್ಲಿ ಜನ್ಮಸ್ಥಳ, ವಾಸಸ್ಥಳಗಳ ಕಾರಣದಿಂದ ಭೇದ ಮಾಡುವುದನ್ನು ನಿಷೇಧಿಸಿ, ವಾಸದ ನಿಬಂಧನೆಯನ್ನು ವಿಧಿಸುವ ಅಧಿಕಾರವನ್ನು ಸಂಸತ್ತಿಗೆ ಮಾತ್ರ ಬಿಟ್ಟಿದೆ. ಆದರೂ ಕೈಗಾರಿಕೆಗಳಿಗೆ ರಿಯಾಯಿತಿಗಳನ್ನು ಕೊಡುವಾಗ ‘ಸ್ಥಾನಿಕ’ರಿಗೆ ಇಷ್ಟು ಪಾಲು ಕೆಲಸವೆಂದು ನಿಬಂಧಿಸುವುದು ರಾಜ್ಯಗಳಲ್ಲಿ ರೂಢಿಯಾಗಿದೆ. ಮಹಾರಾಷ್ಟ್ರದ ನೀತಿಯಲ್ಲಿ ಮೇಲ್ವಿಚಾರಣೆಯಲ್ಲದ ಹುದ್ದೆಗಳಲ್ಲಿ ಶೇಕಡಾ 80 ಸ್ಥಾನಿಕರಿಗೆ ಎಂದಿದೆ. ಸ್ಥಾನಿಕನೆಂದರೆ ರಾಜ್ಯದಲ್ಲಿ 15 ವರ್ಷಗಳ ವಾಸವುಳ್ಳವನು. ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಈ ವ್ಯಾಖ್ಯೆಯಂತೆ ಡೊಂಬಿವಲಿಯಲ್ಲಿ ಮೂವತ್ತು ವರ್ಷ ಬಾಳಿದ ಕನ್ನಡಿಗನು ನಿಸ್ಸಂದೇಹವಾಗಿ ಸ್ಥಾನಿಕ. ಕಾಗದವು ಅವನನ್ನು ಒಳಗೆ ಕರೆಯಿತು. ಬೀದಿಯ ಮಾತು ಎಷ್ಟೋ ಸಲ ಹೊರಗೆ ನಿಲ್ಲಿಸಿತು.

ಕರ್ನಾಟಕದ ಕಡೆಗೆ ತಿರುಗಿದರೆ ಅದೇ ಪ್ರಶ್ನೆ ಕನ್ನಡಿಯಲ್ಲಿ ಕಂಡಂತೆ ಎದುರಾಗುತ್ತದೆ. 1983ರಲ್ಲಿ ನೇಮಕವಾಗಿ 1986ರಲ್ಲಿ ಅಂತಿಮ ವರದಿಯನ್ನು ಒಪ್ಪಿಸಿದ ಸರೋಜಿನಿ ಮಹಿಷಿ ಸಮಿತಿಯು, 15 ವರ್ಷ ರಾಜ್ಯದಲ್ಲಿ ವಾಸಿಸಿ ಕನ್ನಡವನ್ನು ಬಲ್ಲವನನ್ನು ಕನ್ನಡಿಗನೆಂದು ಗಣಿಸಿತು. 2024ರ ಜುಲೈ ತಿಂಗಳಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿದ ಮಸೂದೆಯೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಂತೆ ಸ್ಥಳೀಯ ಅಭ್ಯರ್ಥಿಯೆಂದರೆ ಕರ್ನಾಟಕದಲ್ಲಿ ಹುಟ್ಟಿ, ಅಲ್ಲಿ 15 ವರ್ಷ ನೆಲೆಸಿ, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನು. ವಿರೋಧ ಬಂದು ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಆದರೆ ಅದು ಕಾಯಿದೆಯಾಗಿದ್ದರೆ ಕಲ್ಯಾಣದಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡವನ್ನಾಡಿ, ಬೆಂಗಳೂರಿಗೆ ಕೆಲಸಕ್ಕೆ ಹೋದ ತರುಣಿಯ ಗತಿಯೇನು? ಅವಳ ಭಾಷೆ ಕನ್ನಡ, ವಂಶ ಕನ್ನಡ. ಹುಟ್ಟಿದ ಊರು ಮಾತ್ರ ಕಲ್ಯಾಣ. ಹದಿನೈದು ವರ್ಷಗಳ ನಿಬಂಧನೆಯನ್ನು ಕಾದು ಪೂರೈಸಬಹುದು. ಹುಟ್ಟಿದ ಸ್ಥಳವನ್ನು ಬದಲಿಸಲಾಗದು. ಮುಂಬಯಿಯಲ್ಲಿ ‘ಸ್ಥಾನಿಕ’ ಎಂಬ ಮಾತಿನ ಬಿಸಿಯನ್ನು ಕಂಡ ಹೊರನಾಡ ಕನ್ನಡಿಗರು, ಅದೇ ಮಾತನ್ನು ತಮ್ಮ ನಾಡು ಆಡುವಾಗ ಮೌನವಾಗಿರುವುದು ನ್ಯಾಯವಲ್ಲ.

ಹಾಗಾದರೆ ಸ್ಥಳೀಯತೆಗೆ ಅಳತೆಗೋಲು ಯಾವುದು? ಠಾಣೆಯ ಹೆಸರೇ ಇದಕ್ಕೆ ಒಂದು ಉತ್ತರವನ್ನು ಸೂಚಿಸುತ್ತದೆ. ಇದರ ಪ್ರಾಚೀನ ನಾಮ ‘ಶ್ರೀಸ್ಥಾನಕ’. ಸ್ಥಾನವೆಂದರೆ ಸ್ಥಳ, ಆಂಗ್ಲ ಶಬ್ದದ ಮೂಲಾರ್ಥವೇ ಊರಿನ ಹೆಸರಾಗಿ ನಿಂತಿದೆ. ಇಲ್ಲಿಂದ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ. ಎಂದರೆ ಈ ನೆಲದ ಅರಸರೇ ಘಾಟಿನ ಮೇಲಿನಿಂದ ಇಳಿದುಬಂದವರು, ‘ನಮ್ಮ ಊರು ಅದು’ ಎಂಬ ನೆನಪನ್ನು ಬಿರುದಿನಲ್ಲಿ ಉಳಿಸಿಕೊಂಡವರು. ಅವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. 9ನೆಯ ಶತಮಾನದ ಕಾನ್ಹೇರಿಯ ಶಾಸನಗಳಲ್ಲಿ ಅಮೋಘವರ್ಷನ ಹೆಸರು ಸಾರ್ವಭೌಮನೆಂದು ಬರುತ್ತದೆ. ಪುಲ್ಲಶಕ್ತಿ, ಕಪರ್ದಿ ಎಂಬ ಶಿಲಾಹಾರರ ಹೆಸರುಗಳು ಕೊಂಕಣದ ಸಾಮಂತರೆಂದು ಬರುತ್ತವೆ. ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಇದೇ ಅಮೋಘವರ್ಷನ ಆಸ್ಥಾನದಲ್ಲಿ. ಕಲ್ಯಾಣದ ನೆರೆಯ ಅಂಬರನಾಥದಲ್ಲಿ 1060ರ ಶಾಸನವಿರುವ ಶಿವಾಲಯವನ್ನು ಆ ವಂಶದವರೇ ಕಟ್ಟಿಸಿದರು. ಇಂದು ಅವರನ್ನು ಹೊರಗಿನವರೆಂದು ಯಾರೂ ಹೇಳುವುದಿಲ್ಲ. ಇದರಿಂದ ಠಾಣೆಯ ಮೇಲೆ ಕನ್ನಡದ ಹಕ್ಕನ್ನು ಸಾಧಿಸುವುದು ಬಾಲಿಶವಾದೀತು. ಬಂದವರು ಕಟ್ಟಿ, ಬಾಳಿ, ಕಾಲಕ್ರಮದಲ್ಲಿ ಸ್ಥಳದವರಾಗುತ್ತಾರೆ ಎಂಬುದಷ್ಟೇ ಇದರ ಪಾಠ.

ಅದೇ ಕಾಲಕ್ಕೆ, ಎಲ್ಲರಿಗಿಂತ ಮೊದಲು ಇಲ್ಲಿದ್ದವರನ್ನು ಮರೆಯಬಾರದು. ಖಾರಿಗಳ ಮೀನುಗಾರ ಕೋಳಿಗಳು, ಗದ್ದೆ ಮತ್ತು ಉಪ್ಪಿನ ಆಗರಗಳ ಆಗ್ರಿಗಳು ಈ ನೆಲದ ಹಳೆಯ ಜನ. ನವಿ ಮುಂಬಯಿಗಾಗಿ 95 ಹಳ್ಳಿಗಳ ನೆಲ ಸ್ವಾಧೀನವಾಯಿತು. ಸರಿಯಾದ ಪರಿಹಾರವನ್ನು ಕೇಳಿ ದಿ. ಬಾ. ಪಾಟೀಲರ ನಾಯಕತ್ವದಲ್ಲಿ ನಡೆದ ಚಳವಳಿಯಲ್ಲಿ 1984ರ ಜನವರಿಯಲ್ಲಿ ಜಾಸಯಿಯ ಬಳಿ ಗೋಲಿಬಾರಾಗಿ ರೈತರು ಪ್ರಾಣ ತೆತ್ತರು. ಅದರ ಫಲವಾಗಿ ಸ್ವಾಧೀನವಾದ ನೆಲಕ್ಕೆ ಪ್ರತಿಯಾಗಿ ಶೇಕಡಾ 12.5ರಷ್ಟು ಅಭಿವೃದ್ಧಿಗೊಂಡ ನಿವೇಶನ ಕೊಡುವ ಯೋಜನೆ ಬಂತು. ವಾಶಿ, ನೆರೂಳಗಳಲ್ಲಿ ‘ಸ್ಥಾನಿಕ’ ಎಂಬ ಮಾತನ್ನು ಕೇಳಿದಾಗ ಅದರ ಹಿಂದೆ ಈ ನೋವಿದೆ ಎಂಬುದನ್ನು ಅಲ್ಲಿ ಮನೆ ಮಾಡಿದ ಕನ್ನಡಿಗರು ಅರಿಯಬೇಕು. ಸ್ಥಳವನ್ನು ಕಳೆದುಕೊಂಡವನು ಸ್ಥಳೀಯತೆಯನ್ನು ಹಿಡಿದು ಮಾತನಾಡುವುದಕ್ಕೂ, ಇನ್ನೊಬ್ಬನನ್ನು ಹೊರಗಿಡಲು ಅದೇ ಮಾತನ್ನು ಬಳಸುವುದಕ್ಕೂ ಬಹಳ ಅಂತರವಿದೆ.

‘ಲೋಕಲ್’ ಶಬ್ದಕ್ಕೆ ಈ ಪ್ರದೇಶದಲ್ಲಿ ಒಂದು ಜೊತೆಯ ಶಬ್ದವುಂಟು; ಅದು ‘ನೇಟಿವ್’. ಬ್ರಿಟಿಷರ ಕಾಲದಲ್ಲಿ ಆಳಲ್ಪಡುವ ಭಾರತೀಯನನ್ನು ತಾತ್ಸಾರದಿಂದ ಹೀಗೆ ಕರೆಯುತ್ತಿದ್ದರು. ಮುಂಬಯಿಯ ಬಳಕೆಯಲ್ಲಿ ಆ ತಾತ್ಸಾರ ಕಳೆದು, ‘ನೇಟಿವ್ ಪ್ಲೇಸ್’ ಎಂದರೆ ಹಿರಿಯರ ಊರು ಎಂದಾಯಿತು. ‘ನೇಟಿವ್‌ಗೆ ಹೋಗಿದ್ದಾರೆ’ ಎಂಬ ವಾಕ್ಯ ಕನ್ನಡದಲ್ಲಿಯೂ ಕೇಳಿಬರುತ್ತದೆ. ಹಿಂದೆ ಕರಾವಳಿಯವರು ಹಡಗಿನಲ್ಲಿ, ಆಮೇಲೆ ಬಸ್ಸಿನಲ್ಲಿ ಹೋಗುತ್ತಿದ್ದ ಆ ಊರಿಗೆ 1998ರಿಂದ ಕೊಂಕಣ ರೈಲ್ವೆಯು ನೇರ ದಾರಿಯನ್ನು ಮಾಡಿಕೊಟ್ಟಿತು. ನೇಟಿವ್ ವರ್ಷಕ್ಕೊಮ್ಮೆಯದು, ಲೋಕಲ್ ದಿನಕ್ಕೆರಡು ಸಲದ್ದು. ಕನ್ನಡದ ‘ಊರು’ ಎಂಬ ಒಂದು ಪದವು ಹೊತ್ತಿದ್ದ ಭಾರವನ್ನು ಎರಡು ಆಂಗ್ಲ ಶಬ್ದಗಳು ಹಂಚಿಕೊಂಡಿವೆ. ಹುಟ್ಟಿನ ಸಂಬಂಧ ಒಂದಕ್ಕೆ, ಬಾಳಿನ ಸಂಬಂಧ ಇನ್ನೊಂದಕ್ಕೆ.

ಬಾಳಿನ ಸಂಬಂಧ ಎಷ್ಟು ಬಿಗಿಯಾದುದು ಎಂಬುದು ಲೋಕಲ್ ನಿಂತಾಗ ತಿಳಿಯಿತು. ಕೊರೋನಾ ವ್ಯಾಧಿಯ ಕಾರಣ 2020ರ ಮಾರ್ಚ್ 22ರ ನಡುರಾತ್ರಿಯಿಂದ ಗಾಡಿಗಳು ನಿಂತವು; ಜೂನ್ 15ರಿಂದ ಅತ್ಯಾವಶ್ಯಕ ಸೇವೆಯವರಿಗೆ ಮಾತ್ರ ಓಡಿದವು. ಎರಡು ಸಲ ಲಸಿಕೆ ಪಡೆದ ಸಾಮಾನ್ಯ ಜನರಿಗೆ 2021ರ ಆಗಸ್ಟ್ 15ರಂದು ಅವು ತೆರೆದವು. ಆ ತಿಂಗಳುಗಳಲ್ಲಿ ಡೊಂಬಿವಲಿಯ ಜನರು ಶಬ್ದದ ಮೂಲಾರ್ಥದಲ್ಲಿ, ಸ್ಥಳಕ್ಕೆ ಕಟ್ಟುಬಿದ್ದವರೆಂಬ ಅರ್ಥದಲ್ಲಿ, ಮೊದಲ ಬಾರಿಗೆ ಪೂರ್ತಿಯಾಗಿ ‘ಲೋಕಲ್’ ಆದರು. ಹಲವರು ಅದರಿಂದಲೇ ಜೀವನೋಪಾಯವನ್ನು ಕಳೆದುಕೊಂಡರು. ಗಾಡಿ ಓಡುವಾಗಲೂ ಅಪಾಯ ಕಡಮೆಯಲ್ಲ. 2025ರ ಜೂನ್ 9ರಂದು ದಿವಾ–ಮುಂಬ್ರಾಗಳ ನಡುವೆ ತುಂಬಿ ತುಳುಕುವ ಲೋಕಲ್ಲುಗಳ ಬಾಗಿಲಿನಿಂದ ಬಿದ್ದು ಪ್ರಯಾಣಿಕರು ಸತ್ತರು. ಬಾಗಿಲಲ್ಲಿ ತೂಗಾಡುತ್ತ ನಿಂತವರಲ್ಲಿ ಯಾರು ಸ್ಥಾನಿಕ, ಯಾರು ಹೊರಗಿನವ ಎಂಬ ವಿಚಾರಣೆಯನ್ನು ಹಳಿಯು ನಡೆಸುವುದಿಲ್ಲ.

ಕನ್ನಡದ ಕೋಶಗಳು ಬಹುಮಟ್ಟಿಗೆ ಸಾಹಿತ್ಯ ಪ್ರಯೋಗಗಳನ್ನೂ ಒಳನಾಡಿನ ಆಡುಮಾತನ್ನೂ ಆಧರಿಸಿವೆ. ಹೊರನಾಡಿನ ಕನ್ನಡದ ಶಬ್ದಗಳನ್ನು ಊರು ಊರಿಗೆ ಹೋಗಿ ಸಂಗ್ರಹಿಸಿ ಅರ್ಥ ಬರೆಯುವ ಕೆಲಸವನ್ನು ಇಲ್ಲಿಯ ಸಂಘಗಳೇ ಕೈಗೊಳ್ಳಬೇಕು. ಅಂಥ ಕೋಶದಲ್ಲಿ ‘ಲೋಕಲ್’ ಎಂಬ ಉಲ್ಲೇಖದ ಕೆಳಗೆ ಕ್ರಮವಾಗಿ ನಾಲ್ಕು ಅರ್ಥಗಳು ಬರಬೇಕು: ಊರ ಆಡಳಿತಕ್ಕೆ ಸೇರಿದ್ದು, ಕೀಳು ದರ್ಜೆಯದು, ಮುಂಬಯಿ ಪರಿಸರದ ಉಪನಗರದ ರೈಲುಗಾಡಿ, ಆ ಸ್ಥಳದವನು. ನಾಲ್ಕನೆಯ ಅರ್ಥಕ್ಕೆ ಪ್ರಯೋಗವನ್ನು ಕೊಡುವಾಗ ಕೋಶಕಾರನು ಮೂರನೆಯದನ್ನು ನೋಡಿ ಎಂದು ಸೂಚಿಸಿದರೆ ತಪ್ಪಾಗಲಾರದು. ಈ ನಾಲ್ಕು ನಗರಗಳ ಕನ್ನಡಿಗರು ಸ್ಥಳದವರಾದದ್ದು ಪ್ರಮಾಣಪತ್ರಗಳಿಂದಲ್ಲ. ತಿಂಗಳ ಪಾಸನ್ನು ಕಿಸೆಯಲ್ಲಿಟ್ಟು ಎರಡು ಮೂರು ತಲೆಮಾರು ಬೆಳಗ್ಗೆ ಹೋಗಿ ರಾತ್ರಿ ಹಿಂದಿರುಗಿ, ಇಲ್ಲಿಯೇ ಮಕ್ಕಳನ್ನು ಓದಿಸಿ, ಇಲ್ಲಿಯೇ ತೆರಿಗೆಯನ್ನು ಕೊಟ್ಟು, ಹಿರಿಯರ ಅಂತ್ಯಕ್ರಿಯೆಯನ್ನೂ ಇಲ್ಲಿಯೇ ನೆರವೇರಿಸಿದ್ದರಿಂದ.